ಅವಧಿ ಮೀರಿದ ಔಷಧದ ಕಸುವು

ಔಷಧದ ಪೊಟ್ಟಣದ ಮೇಲೆ ಅಚ್ಚಾಗಿರುವ ಅವಧಿಯ ದಿನಾಂಕ ತಯಾರಕರು ಬಳಸುವವರಿಗೆ ಕೊಡುವ ಲಿಖಿತ ಭರವಸೆ. ಪೊಟ್ಟಣ ಒಡೆದಿರಬಾರದು, ಲೇಬಲ್ಲು ಹೇಳಿದಷ್ಟೇ ತಂಪಿನಲ್ಲಿ ಅದನ್ನು ಇಟ್ಟಿರಬೇಕು. ಇವೆರಡೂ ನಡೆದಿದ್ದರೆ ಆ ದಿನದವರೆಗೆ ಔಷಧದ ಕಸುವು ಇಂಡಿಯನ್ ಫಾರ್ಮಕೋಪಿಯಾ ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿಯುವುದಿಲ್ಲ ಎಂಬುದು ಆ ಭರವಸೆಯ ತಿರುಳು. ಹಲವು ಮಾತ್ರೆಗಳಿಗೆ ಈ ಮಿತಿ ನಮೂದಾದ ಪ್ರಮಾಣದ ಶೇ 90ರಿಂದ 110. ಕೆಲವಕ್ಕೆ ಇನ್ನೂ ಬಿಗಿ. ಶೇ 90ರ ಲೆಕ್ಕದಲ್ಲಿ 500 ಮಿಲಿಗ್ರಾಂ ಎಂದು ಬರೆದ ಮಾತ್ರೆಯಲ್ಲಿ ಕೊನೆಯ ದಿನವೂ 450 ಮಿಲಿಗ್ರಾಂಗೆ ಕಡಿಮೆ ಇರಕೂಡದು. ದಿನಾಂಕ ದಾಟಿದ ಮರುದಿನವೇ ಮಾತ್ರೆ ವಿಷವಾಗುತ್ತದೆ ಎಂದು ಹೆದರುವವರಿದ್ದಾರೆ. ದಿನಾಂಕವೆಲ್ಲ ಕಂಪನಿಗಳ ವ್ಯಾಪಾರದ ಹೂಟ ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ತಪ್ಪು. ಡೇಟ್‌ಬಾರ್ ಆದ ಔಷಧದಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದನ್ನು ದಿನಾಂಕವೊಂದನ್ನೇ ನೋಡಿ ಹೇಳಲು ಬರುವುದಿಲ್ಲ. ಅದು ಯಾವ ಔಷಧ, ಮಾತ್ರೆಯೋ ದ್ರವವೋ, ಇಷ್ಟು ದಿನ ಎಲ್ಲಿತ್ತು ಎಂದು ಕೇಳಬೇಕು. ಚಿತ್ರದುರ್ಗದಂಥ ಬಯಲುಸೀಮೆಯ ಜಿಲ್ಲೆಯಲ್ಲಿ ಎಲ್ಲಿತ್ತು ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಭಾರತದಲ್ಲಿ ಈ ದಿನಾಂಕಕ್ಕೆ ಕಾನೂನಿನ ಬಲವಿದೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಡಿ 1945ರಲ್ಲಿ ಬಂದ ನಿಯಮಗಳ ಪೈಕಿ 96ನೆಯದರಂತೆ, ಔಷಧ ತಯಾರಾದ ದಿನಾಂಕವನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಲೇಬಲ್ಲಿನ ಮೇಲೆ ಅಳಿಸಲಾಗದ ಶಾಯಿಯಲ್ಲಿ ಅಚ್ಚು ಹಾಕಬೇಕು. ಅವಧಿಯನ್ನು ತಿಂಗಳು, ವರ್ಷಗಳಲ್ಲಿ ಕೊಟ್ಟಿರುತ್ತಾರೆ. ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು ಎಂಬುದು ಲೆಕ್ಕ. 06/2026 ಎಂದಿದ್ದರೆ ಜೂನ್ 30ರವರೆಗೆ. ಜೂನ್ 1ಕ್ಕೇ ಎಸೆದರೆ ಒಂದು ತಿಂಗಳ ಔಷಧ ಸುಮ್ಮನೆ ಹಾಳಾದಂತೆ. ತಯಾರಾದ ದಿನದಿಂದ ಅವಧಿ ಸಾಮಾನ್ಯವಾಗಿ 60 ತಿಂಗಳು ಮೀರುವಂತಿಲ್ಲ. ಕೆಲವು ಔಷಧಗಳಿಗೆ ಪಿ ಅನುಸೂಚಿ ಇನ್ನೂ ಕಡಿಮೆ ಆಯುಷ್ಯ ಹಾಕಿಕೊಟ್ಟಿದೆ. 65ನೇ ನಿಯಮದಂತೆ ಅವಧಿ ಮುಗಿದ ಔಷಧವನ್ನು ಅಂಗಡಿಯವರು ಮಾರುವಂತಿಲ್ಲ. ಕಂಪನಿಗೆ ವಾಪಸ್ ಹೋಗುವವರೆಗೆ ಇಟ್ಟುಕೊಳ್ಳಬೇಕಾದರೆ ಬೇರೆ ಡಬ್ಬಕ್ಕೆ ಹಾಕಿ, ಮಾರಾಟಕ್ಕಲ್ಲ ಎಂದು ಮೇಲೆ ಎದ್ದು ಕಾಣುವಂತೆ ಬರೆದು, ಮಾರುವ ಸರಕಿನಿಂದ ಬೇರ್ಪಡಿಸಬೇಕು. ಸರ್ಕಾರಿ ಉಗ್ರಾಣಗಳಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಮೊದಲು ಹೊರಗೆ ಹೋಗಬೇಕು ಎಂಬ ಕ್ರಮವಿದೆ.

ಕಾನೂನಿನ ಕೈ ಅಂಗಡಿಯ ಗಲ್ಲಾದವರೆಗೆ ಮಾತ್ರ ಚಾಚುತ್ತದೆ. ಅಲ್ಲಿಂದ ಆಚೆ, ಮನೆಯ ಬೀರುವಿನಲ್ಲೋ ಟೀವಿಯ ಮೇಲೋ ಔಷಧಕ್ಕೆ ಏನಾಗುತ್ತದೆ ಎಂದು ನೋಡುವವರಿಲ್ಲ. ಅದು ಗೊತ್ತಾಗಬೇಕಾದರೆ ದಿನಾಂಕ ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು.

ಕಂಪನಿಯವರು ಔಷಧದ ಮಾದರಿಗಳನ್ನು ಮಾರುವ ಪೊಟ್ಟಣದಲ್ಲೇ ಕಟ್ಟಿ, ಉಷ್ಣತೆಯನ್ನೂ ತೇವವನ್ನೂ ಒಂದೇ ಮಟ್ಟದಲ್ಲಿ ಕಾಯುವ ಕಪಾಟುಗಳಲ್ಲಿ ಇಡುತ್ತಾರೆ. ಕೆಲವನ್ನು 40 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 75 ತೇವಾಂಶದಲ್ಲಿ 6 ತಿಂಗಳು ಇಡುವುದುಂಟು. ಇದು ವೇಗವರ್ಧಿತ ಪರೀಕ್ಷೆ. ಉಳಿದವನ್ನು ನಿಜವಾದ ದಾಸ್ತಾನಿನ ಸ್ಥಿತಿಯಲ್ಲಿ ವರ್ಷಗಟ್ಟಲೆ ಇಟ್ಟು ಆಗಾಗ ತೆಗೆದು ಅಳೆಯುತ್ತಾರೆ. ಯುರೋಪು, ಅಮೆರಿಕಗಳಿಗೆ ಈ ದೀರ್ಘಾವಧಿ ಪರೀಕ್ಷೆ ಸಾಮಾನ್ಯವಾಗಿ 25 ಡಿಗ್ರಿಯಲ್ಲಿ ನಡೆದರೆ, ಭಾರತದಂಥ ಬಿಸಿ ದೇಶಗಳಿಗೆ 30 ಡಿಗ್ರಿಯಲ್ಲಿ. ಅಂಕಿಗಳು ಕೈಗೆ ಬಂದ ಮೇಲೆ ಎರಡೋ ಮೂರೋ ವರ್ಷದ ಅವಧಿಯನ್ನು ನಿಗದಿ ಮಾಡುತ್ತಾರೆ. ಪರೀಕ್ಷೆ ನಿಂತ ಜಾಗದಲ್ಲೇ ಭರವಸೆಯೂ ನಿಲ್ಲುತ್ತದೆ. ಅದರಾಚೆ ಔಷಧ ಕೆಟ್ಟಿದೆ ಎಂದು ಯಾರೂ ಕಂಡವರಿಲ್ಲ, ಚೆನ್ನಾಗಿದೆ ಎಂದು ಹೊಣೆ ಹೊರುವವರೂ ಇಲ್ಲ. ಹತ್ತು ವರ್ಷ ಕಾದು ಪರೀಕ್ಷೆ ಮಾಡುವುದರಿಂದ ತಯಾರಕರಿಗೆ ಬರುವ ಲಾಭ ಏನೂ ಇಲ್ಲವಾದ್ದರಿಂದ ಆ ಕೆಲಸ ನಡೆಯುವುದಿಲ್ಲ.

ಔಷಧವನ್ನು ಕೆಡಿಸುವವು ಮುಖ್ಯವಾಗಿ ನೀರು, ಗಾಳಿಯ ಆಮ್ಲಜನಕ, ಬೆಳಕು. ಇವೆಲ್ಲಕ್ಕೂ ಚುರುಕು ಕೊಡುವುದು ಬಿಸಿ. ಆಸ್ಪಿರಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಗಾಳಿಯ ತೇವ ತಾಗಿದ ಆಸ್ಪಿರಿನ್ ನಿಧಾನವಾಗಿ ಒಡೆದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗುತ್ತದೆ. ಹಳೆಯ ಡಬ್ಬದ ಮುಚ್ಚಳ ತೆಗೆದಾಗ ವಿನಿಗರ್‌ನ ಹುಳಿ ವಾಸನೆ ಮೂಗಿಗೆ ಬಡಿದರೆ, ಮಾತ್ರೆಯ ಮೇಲೆ ಸೂಜಿಯಂಥ ಸಣ್ಣ ಹರಳು ಕಂಡರೆ, ಆ ಮಾತ್ರೆ ಒಡೆದಿದೆ ಎಂದೇ ತಿಳಿಯಬೇಕು. ಪ್ಯಾರಸಿಟಮಾಲ್ ಹಾಗಲ್ಲ. ಕರ್ನಾಟಕದ ಮನೆಮನೆಯಲ್ಲಿ ಡೋಲೋ, ಕ್ರೋಸಿನ್ ಎಂಬ ಹೆಸರಿನಲ್ಲಿರುವ ಈ ಔಷಧ ಒಣ ಮಾತ್ರೆಯ ರೂಪದಲ್ಲಿ ಬಹಳ ಗಟ್ಟಿ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡರಿಂದ ನಾಲ್ಕು ಪಟ್ಟು ಹೆಚ್ಚುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ಅದರಂತೆ 30 ಡಿಗ್ರಿಯಲ್ಲಿ ಶೇ 5ರಷ್ಟು ಕಸುವು ಕಳೆದುಕೊಳ್ಳಲು 36 ತಿಂಗಳು ತೆಗೆದುಕೊಳ್ಳುವ ಔಷಧ, 40 ಡಿಗ್ರಿಯಲ್ಲೇ ಬಿದ್ದಿದ್ದರೆ ಅಷ್ಟನ್ನು 9ರಿಂದ 18 ತಿಂಗಳಲ್ಲಿ ಕಳೆದುಕೊಳ್ಳುತ್ತದೆ. ಲೇಬಲ್ಲಿನ ಮೇಲಿನ ದಿನಾಂಕ ಮಾತ್ರ ಅಷ್ಟೇ ಇರುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಿಗೆ ಈ ಲೆಕ್ಕ ನೇರವಾಗಿ ತಟ್ಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಹಗಲಿನ ಉಷ್ಣತೆ 38, 39 ಡಿಗ್ರಿ ಮುಟ್ಟುವುದು ಹೊಸದೇನಲ್ಲ, ಮತ್ತು ಆ ಅಂಕಿ ನೆರಳಿನದು. ಮಣ್ಣಿನ ಮಾಳಿಗೆ ಮನೆಯ ನಡುಮನೆಯಲ್ಲಿ, ದಪ್ಪ ಗೋಡೆಯ ಗೂಡಿನಲ್ಲಿ ಇಟ್ಟ ಮಾತ್ರೆಗೆ ಆ ಝಳ ಅಷ್ಟಾಗಿ ತಾಗುವುದಿಲ್ಲ. ತಗಡಿನ ಶೀಟಿನ ಕೆಳಗಿನ ಅಟ್ಟದ ಮೇಲೆ, ಸ್ಕೂಟರಿನ ಡಿಕ್ಕಿಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಟ್ಟದ್ದಕ್ಕೆ ಚೆನ್ನಾಗಿಯೇ ತಾಗುತ್ತದೆ. ಮುಚ್ಚಿದ ಕಾರಿನೊಳಗೆ ಬೇಸಿಗೆಯ ಮಧ್ಯಾಹ್ನ 50 ಡಿಗ್ರಿ ದಾಟುವುದು ಸಾಮಾನ್ಯ. ಒಂದು ಮಧ್ಯಾಹ್ನದ ಬಿಸಿಗೆ ಮಾತ್ರೆ ಕೆಟ್ಟುಹೋಗುವುದಿಲ್ಲ. ಬೇಸಿಗೆಯ ಮೇಲೆ ಬೇಸಿಗೆ ಅದೇ ಜಾಗದಲ್ಲಿ ಕಳೆದರೆ ಕೆಡುತ್ತದೆ. ಈ ಸೀಮೆಗೆ ಅನುಕೂಲವಾದ ಸಂಗತಿಯೂ ಒಂದಿದೆ: ಇಲ್ಲಿನ ಗಾಳಿ ಒಣ. ತೇವದಿಂದ ಕೆಡುವ ಔಷಧಗಳಿಗೆ ಮಂಗಳೂರು, ಕಾರವಾರಗಳಿಗಿಂತ ಹಿರಿಯೂರು ವಾಸಿ. ಅದೇ ಹಿರಿಯೂರಿನ ಮನೆಯಲ್ಲಿ ಔಷಧದ ಡಬ್ಬ ಬಚ್ಚಲಿನಲ್ಲೋ ಒಲೆಯ ಮೇಲಿನ ಹಲಗೆಯಲ್ಲೋ ಇದ್ದರೆ ಆ ಲಾಭ ಅಲ್ಲಿಗೇ ಮುಗಿಯಿತು.

ಅವಧಿ ಮೀರಿದ ಔಷಧಗಳ ಬಗ್ಗೆ ಜಗತ್ತಿನಲ್ಲಿರುವ ಅತಿ ದೊಡ್ಡ ದಾಖಲೆ ಅಮೆರಿಕದ್ದು. ಅಲ್ಲಿನ ಸೇನೆ ತುರ್ತಿಗೆಂದು ಅಪಾರ ಪ್ರಮಾಣದ ಔಷಧವನ್ನು ದಾಸ್ತಾನಿಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಅದನ್ನೆಲ್ಲ ಎಸೆದು ಹೊಸದು ಕೊಳ್ಳುವ ಖರ್ಚು ಉಳಿಸಲು 1986ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಹಳೆಯ ಬ್ಯಾಚುಗಳನ್ನು ಪರೀಕ್ಷಿಸಿ ಅವಧಿ ವಿಸ್ತರಿಸುವ ಕಾರ್ಯಕ್ರಮವನ್ನು ಶುರುಮಾಡಿತು. 2006ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ 122 ಔಷಧಗಳ 3,005 ಬ್ಯಾಚುಗಳಲ್ಲಿ ಶೇ 88ರಷ್ಟಕ್ಕೆ ಕನಿಷ್ಠ ಒಂದು ವರ್ಷದ ವಿಸ್ತರಣೆ ಸಿಕ್ಕಿತು. ಸರಾಸರಿ ವಿಸ್ತರಣೆ 66 ತಿಂಗಳು. 2012ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇನ್ನೂ ಹಳೆಯ ಸರಕನ್ನು ಪರೀಕ್ಷಿಸಿದರು. ಒಂದು ಔಷಧದಂಗಡಿಯ ಹಿಂಭಾಗದಲ್ಲಿ ಪೊಟ್ಟಣ ಒಡೆಯದೆ ಉಳಿದಿದ್ದ ಆ ಔಷಧಗಳ ಅವಧಿ ಮುಗಿದು 28ರಿಂದ 40 ವರ್ಷ ಆಗಿತ್ತು. ಅಳೆದ 14 ಔಷಧಾಂಶಗಳಲ್ಲಿ 12ರ ಪ್ರಮಾಣ ಶೇ 90ಕ್ಕಿಂತ ಕೆಳಗಿಳಿದಿರಲಿಲ್ಲ. ಸೋತವುಗಳಲ್ಲಿ ಆಸ್ಪಿರಿನ್ ಕೂಡ ಒಂದು.

ಈ ಅಂಕಿಗಳನ್ನು ಹಿಡಿದು ದಿನಾಂಕ ಸುಳ್ಳು ಎಂದು ಸಾರುವ ಬರಹಗಳು ಬಹಳ ಬಂದಿವೆ. ಅವು ಮರೆಯುವ ಸಂಗತಿಗಳಿವೆ. ಸೇನೆಯ ದಾಸ್ತಾನು ಉಷ್ಣತೆ, ತೇವ ಎರಡನ್ನೂ ಕಾಯುವ ಉಗ್ರಾಣದಲ್ಲಿ, ಮೂಲ ಡಬ್ಬದಲ್ಲಿ, ಬಿರಡೆ ತೆಗೆಯದೆ ಇದ್ದದ್ದು. ಪ್ರತಿ ಬ್ಯಾಚನ್ನೂ ಪ್ರಯೋಗಾಲಯದಲ್ಲಿ ಅಳೆದ ಮೇಲೆಯೇ ವಿಸ್ತರಣೆ ಕೊಟ್ಟರು, ಏಕೆಂದರೆ ಒಂದೇ ಔಷಧದ ಎರಡು ಬ್ಯಾಚುಗಳ ನಡುವೆಯೂ ಬಹಳ ಅಂತರ ಕಂಡುಬಂದಿತ್ತು. ಕ್ಯಾಲಿಫೋರ್ನಿಯಾದವರು ಅಳೆದದ್ದು ರಾಸಾಯನಿಕದ ಪ್ರಮಾಣ ಮಾತ್ರ. ಆ ಮಾತ್ರೆಗಳನ್ನು ಯಾವ ರೋಗಿಗೂ ಕೊಟ್ಟಿರಲಿಲ್ಲ. ಅರ್ಧ ಕತ್ತರಿಸಿದ ಸ್ಟ್ರಿಪ್ಪಿನಲ್ಲಿ, ಶೀಟಿನ ಮನೆಯಲ್ಲಿ ಎರಡು ಬೇಸಿಗೆ ಕಳೆದ ಮಾತ್ರೆಗೆ ಆ ಫಲಿತಾಂಶವನ್ನು ಅನ್ವಯಿಸಲು ಆಧಾರವೇ ಇಲ್ಲ.

ಪರೀಕ್ಷೆ ಮಾಡಿ ಅವಧಿ ವಿಸ್ತರಿಸುವುದು ಭಾರತದಲ್ಲೂ ನಡೆದಿದೆ, ಅದೂ ಎಲ್ಲರ ಕಣ್ಣೆದುರಿಗೆ. ಕೊರೊನಾ ಕಾಲದಲ್ಲಿ ಕೋವಿಶೀಲ್ಡ್ ಲಸಿಕೆಯ ಅವಧಿಯನ್ನು 2021ರ ಫೆಬ್ರುವರಿ 22ರಂದು 6 ತಿಂಗಳಿಂದ 9ಕ್ಕೆ, ಕೋವ್ಯಾಕ್ಸಿನ್ ಅವಧಿಯನ್ನು ಅದೇ ವರ್ಷದ ಅಕ್ಟೋಬರ್ 25ರಂದು 9 ತಿಂಗಳಿಂದ 12ಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಏರಿಸಿತು. 2022ರ ಜನವರಿ 3ರಂದು 15ರಿಂದ 18 ವರ್ಷದ ಮಕ್ಕಳಿಗೆ ಲಸಿಕೆ ಶುರುವಾದಾಗ, ಹಳೆಯ ದಿನಾಂಕದ ಮೇಲೆ ಹೊಸ ಲೇಬಲ್ ಅಂಟಿಸಿದ ಸೀಸೆಗಳನ್ನು ಕಂಡು ಪೋಷಕರು ಗಾಬರಿಯಾದರು. ಡೇಟ್‌ಬಾರ್ ಆದ ಲಸಿಕೆ ಹಾಕುತ್ತಿದ್ದಾರೆ ಎಂಬ ಸುದ್ದಿ ಹರಡಿತು. ಕೇಂದ್ರ ಆರೋಗ್ಯ ಸಚಿವಾಲಯ ಅಂದೇ ವಿವರಣೆ ಕೊಡಬೇಕಾಯಿತು. ವಿಸ್ತರಣೆಗೆ ಆಧಾರವಾದದ್ದು ತಯಾರಕರು ಒಪ್ಪಿಸಿದ ಸ್ಥಿರತೆಯ ಅಂಕಿಅಂಶ. ಹೊಸ ಔಷಧಕ್ಕೆ ಮೊದಲು ಅಂಕಿ ಕಡಿಮೆ ಇರುತ್ತದೆ, ಅವಧಿಯೂ ಕಡಿಮೆ. ಅಂಕಿ ಸೇರಿದಂತೆ ಅವಧಿ ಬೆಳೆಯುತ್ತದೆ. ಈ ಮಾತನ್ನು ಜನರಿಗೆ ಮೊದಲೇ ತಿಳಿಸಿದ್ದರೆ ಆ ಗಾಬರಿಯ ಬಹುಪಾಲು ತಪ್ಪುತ್ತಿತ್ತು.

ಒಣ ಮಾತ್ರೆ, ಕ್ಯಾಪ್ಸೂಲುಗಳಿಗೆ ಬಾಳಿಕೆ ಹೆಚ್ಚು, ದ್ರವಗಳಿಗೆ ಕಡಿಮೆ ಎಂಬುದು ಮೊದಲ ಭೇದ. ಮಕ್ಕಳಿಗೆ ಕೊಡುವ ಆಂಟಿಬಯಾಟಿಕ್ ಪುಡಿಯ ಸೀಸೆಗೆ ನೀರು ಬೆರೆಸಿದ ಮೇಲೆ ಅದರ ಆಯುಷ್ಯ ವರ್ಷಗಳಲ್ಲಿಲ್ಲ, ದಿನಗಳಲ್ಲಿದೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಸಿರಪ್ಪನ್ನು ಫ್ರಿಜ್‌ನಲ್ಲಿಟ್ಟರೂ 7 ದಿನ. ಕ್ಲಾವುಲನೇಟ್ ನೀರು ಕಂಡರೆ ಒಡೆಯುವ ವಸ್ತು. ಕಣ್ಣಿನ ಡ್ರಾಪ್ಸನ್ನು ಬಿರಡೆ ತೆಗೆದ ಒಂದು ತಿಂಗಳಲ್ಲಿ ಬಳಸಿ ಮುಗಿಸಬೇಕು, ಡಬ್ಬದ ಮೇಲೆ ಇನ್ನೂ ಎರಡು ವರ್ಷ ಬಾಕಿ ಇದ್ದರೂ ಅಷ್ಟೇ. ಅಲ್ಲಿ ಭಯ ಕಸುವಿನದಲ್ಲ, ಸೀಸೆಯೊಳಗೆ ಬೆಳೆಯುವ ಸೂಕ್ಷ್ಮಾಣುಗಳದು. ಬಿರಡೆ ತೆಗೆದ ದಿನವನ್ನು ಸೀಸೆಯ ಮೇಲೆ ಪೆನ್ನಿನಿಂದ ಬರೆದಿಡುವ ಅಭ್ಯಾಸ ಪ್ರತಿ ಮನೆಗೂ ಬರಬೇಕು. ವಾಂತಿಭೇದಿಗೆ ಕೊಡುವ ಓಆರ್‌ಎಸ್ ಪೊಟ್ಟಣದಲ್ಲಿ ಮೊದಲು ಅಡುಗೆ ಸೋಡಾ ಇರುತ್ತಿತ್ತು. ಬಿಸಿ ದೇಶಗಳಲ್ಲಿ ಅದು ಬಣ್ಣಗೆಟ್ಟು ಗಟ್ಟಿಯಾಗುತ್ತಿದ್ದುದರಿಂದ 1984ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಬದಲು ಸಿಟ್ರೇಟ್ ಸೇರಿಸಲು ಹೇಳಿತು. ಪುಡಿ ಕಂದಾಗಿ ಗಂಟುಕಟ್ಟಿ ನೀರಿನಲ್ಲಿ ಕರಗದಿದ್ದರೆ ಆ ಪೊಟ್ಟಣ ಬೇಡ. ಹೊಸದು ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ.

ಕೆಲವು ಮಾತ್ರೆಗಳಲ್ಲಿ ಔಷಧ ಪೂರ್ತಿ ಉಳಿದಿದ್ದರೂ ದೇಹಕ್ಕೆ ಸಿಗುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಮಾತ್ರೆ ತೇವ ಹೀರಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೊಟ್ಟೆಯಲ್ಲಿ ಸರಿಯಾಗಿ ಕರಗದೆ ಅದರ ಮೂರನೇ ಒಂದು ಭಾಗದಷ್ಟು ಪರಿಣಾಮ ನಷ್ಟವಾಗಬಹುದು. ಪ್ರಯೋಗಾಲಯದ ಅಳತೆಯಲ್ಲಿ ಶೇ 100 ಇರುವ ಮಾತ್ರೆಯೇ ರೋಗಿಯ ಪಾಲಿಗೆ ಕಡಿಮೆಯಾಗುವುದು ಹೀಗೆ. ಮೂರ್ಛೆಯ ಮಾತ್ರೆಗಳು, ಥೈರಾಯಿಡ್‌ನ ಥೈರಾಕ್ಸಿನ್, ರಕ್ತ ತೆಳುಮಾಡುವ ಔಷಧಗಳು, ಗರ್ಭನಿರೋಧಕ ಮಾತ್ರೆಗಳು ಕೂದಲೆಳೆಯ ಅಳತೆಯಲ್ಲಿ ಕೆಲಸ ಮಾಡುವಂಥವು. ಅವುಗಳಲ್ಲಿ ಶೇ 10ರ ಕೊರತೆಯೂ ತೊಂದರೆ ತರಬಲ್ಲದು.

ಹಳಸಿದ ಔಷಧ ವಿಷವಾದ ಸ್ಪಷ್ಟ ದಾಖಲೆ ಬಹುಮಟ್ಟಿಗೆ ಒಂದೇ: ಟೆಟ್ರಾಸೈಕ್ಲಿನ್. ಕೆಟ್ಟ ಟೆಟ್ರಾಸೈಕ್ಲಿನ್ ನುಂಗಿದವರ ಮೂತ್ರಪಿಂಡಕ್ಕೆ ಧಕ್ಕೆಯಾದ ಪ್ರಕರಣಗಳು 1963ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದವು. ಔಷಧ ನಿಲ್ಲಿಸಿದ ಮೇಲೆ ರೋಗಿಗಳು ಚೇತರಿಸಿಕೊಂಡರು, ಆ ಬಗೆಯ ಕ್ಯಾಪ್ಸೂಲಿನ ಮಿಶ್ರಣವೂ ಬದಲಾಯಿತು. ಉಳಿದ ಬಹುತೇಕ ಔಷಧಗಳ ಅಪಾಯ ವಿಷದ್ದಲ್ಲ, ಕೆಲಸ ಮಾಡದಿರುವುದರದು. ತಲೆನೋವಿನ ಮಾತ್ರೆ ಕೆಲಸ ಮಾಡದಿದ್ದರೆ ತಲೆನೋವು ಉಳಿಯುತ್ತದೆ. ಎದೆನೋವು ಬಂದಾಗ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಕೆಲಸ ಮಾಡದಿದ್ದರೆ ಪ್ರಾಣ ಹೋಗಬಹುದು. ಈ ನೈಟ್ರೋಗ್ಲಿಸರಿನ್ ಆವಿಯಾಗುವ ಗುಣದ್ದು; ಗಾಜಿನ ಸೀಸೆಯಿಂದ ತೆಗೆದು ಪ್ಲಾಸ್ಟಿಕ್ ಡಬ್ಬಿಗೋ ಕಾಗದದ ಪೊಟ್ಟಣಕ್ಕೋ ಹಾಕಿಟ್ಟರೆ ಅವಧಿಯೊಳಗೇ ಕಸುವು ಹೋಗುತ್ತದೆ.

ಬಿಸಿಗೆ ಬೇಗ ಸೋಲುವ, ಹಳ್ಳಿಯ ಮನೆಗಳಲ್ಲಿ ಈಗ ಹೆಚ್ಚೆಚ್ಚು ಕಾಣುವ ಔಷಧ ಇನ್ಸುಲಿನ್. ಬಳಸಲು ಶುರುಮಾಡದ ಸೀಸೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು; ಶುರುಮಾಡಿದ ಮೇಲೆ ಸಾಮಾನ್ಯವಾಗಿ 28 ದಿನ ಮನೆಯ ಉಷ್ಣತೆಯಲ್ಲಿ ಇಡಬಹುದು ಎನ್ನುತ್ತದೆ ಲೇಬಲ್ಲು. ಆ ಮನೆಯ ಉಷ್ಣತೆ ಎಂದರೆ 25, ಹೆಚ್ಚೆಂದರೆ 30 ಡಿಗ್ರಿ. ಫ್ರಿಜ್ ಇಲ್ಲದ, ಇದ್ದರೂ ಮಧ್ಯಾಹ್ನವೆಲ್ಲ ಕರೆಂಟ್ ಇಲ್ಲದ ಮನೆಗೆ ಇದು ದೊಡ್ಡ ಸಮಸ್ಯೆ. ಕೀನ್ಯಾದ ನಿರಾಶ್ರಿತರ ಶಿಬಿರವೊಂದರ ಉಷ್ಣತೆಯನ್ನು ಆಧಾರವಾಗಿಟ್ಟುಕೊಂಡು ಗಡಿರಹಿತ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ದಿನಕ್ಕೆ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಉಷ್ಣತೆಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ತನ್ನ ಕಸುವನ್ನು ಉಳಿಸಿಕೊಂಡಿತ್ತು. ಚಿತ್ರದುರ್ಗದ ಬೇಸಿಗೆಗೆ ಬಹಳ ಹತ್ತಿರದ ಈ ಫಲಿತಾಂಶ ಧೈರ್ಯ ಕೊಡುವಂಥದ್ದು. ಆದರೆ ಅದು ಬಳಕೆಯಲ್ಲಿರುವ ಒಂದು ಸೀಸೆಯ ನಾಲ್ಕು ವಾರದ ಮಾತು. ಬೀರುವಿನಲ್ಲಿ ಆರು ತಿಂಗಳು ಕೂಡಿಟ್ಟ ದಾಸ್ತಾನಿನ ಮಾತಲ್ಲ.

ಫ್ರಿಜ್ ಇಲ್ಲದವರಿಗೆ ಮಣ್ಣಿನ ಮಡಕೆ ಒಳ್ಳೆಯ ಆಸರೆ. ಬಾಯಿ ಅಗಲವಾದ ಮಡಕೆಯ ತಳದಲ್ಲಿ ಮರಳು ಹರಡಿ, ಅದರ ಮೇಲೆ ಚಿಕ್ಕ ಮಡಕೆ ಇಟ್ಟು, ಎರಡರ ನಡುವಿನ ಸಂದಿಗೂ ಮರಳು ತುಂಬಿ ನೀರು ಹನಿಸಬೇಕು. ಇನ್ಸುಲಿನ್ ಸೀಸೆಯನ್ನು ನೀರು ತಾಗದ ಡಬ್ಬಿಯಲ್ಲಿ ಹಾಕಿ ಒಳಮಡಕೆಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿ ಇಡುವುದು. ನೀರು ಆರುತ್ತಾ ಶಾಖವನ್ನು ಎಳೆದುಕೊಳ್ಳುತ್ತದೆ. ಗಾಳಿ ಎಷ್ಟು ಒಣಗಿದ್ದರೆ ತಂಪು ಅಷ್ಟು ಹೆಚ್ಚು; ಕರಾವಳಿಯಲ್ಲಿ ಅಷ್ಟಾಗಿ ನಡೆಯದ ಈ ಉಪಾಯ ಹಿರಿಯೂರು, ಹೊಸದುರ್ಗಗಳ ಏಪ್ರಿಲ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕುವುದನ್ನು ಮರೆಯಬಾರದು. ಫ್ರಿಜ್ ಇದ್ದವರು ಮಾಡುವ ತಪ್ಪು ಬೇರೆ: ಸೀಸೆಯನ್ನು ಫ್ರೀಜರ್‌ಗೆ ತಾಗಿದಂತೆ ಇಡುವುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಅದನ್ನು ಬಳಸಕೂಡದು.

ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದೂ ಬಿಸಿಗೆ ಕಸುವು ಬಿಡುವಂಥದ್ದು. 2018ರ ಏಪ್ರಿಲ್ 27ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಇದರ ತಯಾರಿಕೆಯನ್ನು ಸಾರ್ವಜನಿಕ ವಲಯಕ್ಕೆ ಮೀಸಲಿಟ್ಟಾಗ ಆ ಹೊಣೆ ಬಿದ್ದದ್ದು ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಸಂಸ್ಥೆಯ ಮೇಲೆ. ಒಂದೇ ಕಾರ್ಖಾನೆಯಿಂದ ಇಡೀ ದೇಶಕ್ಕೆ ಔಷಧ ಮುಟ್ಟುವುದು ತಡವಾದರೆ ತಾಯಂದಿರ ಜೀವಕ್ಕೆ ಅಪಾಯ ಎಂಬ ವಾದ ಎದ್ದಿತು. ಡಿಸೆಂಬರ್ 14ರಂದು ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದುಮಾಡಿತು. ಅದೇ ವರ್ಷ ಭಾರತವೂ ಸೇರಿ ಹತ್ತು ದೇಶಗಳಲ್ಲಿ ಸುಮಾರು 30 ಸಾವಿರ ತಾಯಂದಿರ ಮೇಲೆ ನಡೆದ ಅಧ್ಯಯನ, ಬಿಸಿಯನ್ನು ತಡೆಯುವ ಕಾರ್ಬೆಟೋಸಿನ್ ಎಂಬ ಇನ್ನೊಂದು ಔಷಧ ರಕ್ತಸ್ರಾವ ತಡೆಯುವುದರಲ್ಲಿ ಆಕ್ಸಿಟೋಸಿನ್‌ಗೆ ಕಡಿಮೆಯಿಲ್ಲ ಎಂದು ತೋರಿಸಿತು. ಫ್ರಿಜ್ ನಂಬಲಾಗದ ಆಸ್ಪತ್ರೆಗೆ ಇದು ಸಣ್ಣ ಅನುಕೂಲವಲ್ಲ.

ಕಾಲದ ಜೊತೆಗೆ ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಗುರುತು ಲಸಿಕೆಗಳಿಗೆ ಬಂದಿದೆ. ಪೋಲಿಯೊ ಲಸಿಕೆಯ ಸೀಸೆಯ ಲೇಬಲ್ಲಿನಲ್ಲಿ ನೇರಳೆ ಬಣ್ಣದ ಒಂದು ವೃತ್ತ, ಅದರೊಳಗೆ ಬಿಳಿಯ ಚೌಕ ಇರುತ್ತದೆ. ಸೀಸೆಗೆ ತಾಗಿದ ಬಿಸಿ ಕೂಡುತ್ತಾ ಹೋದಂತೆ ಚೌಕ ಕಪ್ಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮನಾದರೆ, ಅವಧಿ ಇನ್ನೂ ಒಂದು ವರ್ಷ ಇದ್ದರೂ ಆ ಸೀಸೆಯನ್ನು ಬದಿಗಿಡಬೇಕು. ಪೋಲಿಯೊ ಭಾನುವಾರ ಬೂತಿನಲ್ಲಿ ಕೂರುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಇದು ಚೆನ್ನಾಗಿ ಗೊತ್ತು. ಇನ್ಸುಲಿನ್ ಸೀಸೆಗಳ ಮೇಲೂ ಇಂಥ ಚೌಕ ಬರಬೇಕಾದ ಕಾಲ ಬಂದಿದೆ.

ಹೊಲ ತೋಟಗಳ ಈ ಸೀಮೆಯಲ್ಲಿ ಹಾವಿನ ಕಡಿತದ ಪ್ರತಿವಿಷದ ಮಾತನ್ನೂ ಹೇಳಬೇಕು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ. ದ್ರವರೂಪದ್ದಕ್ಕೆ ಫ್ರಿಜ್ ಬೇಕು. ಒಣಪುಡಿಯ ರೂಪದ್ದು ಹೊರಗಿನ ಉಷ್ಣತೆಯಲ್ಲೂ ವರ್ಷಗಟ್ಟಲೆ ಬಾಳುತ್ತದೆ. ಹಾಗಾಗಿ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೆಚ್ಚು ಒಪ್ಪುವುದು ಪುಡಿಯೇ. ತೀವ್ರವಾಗಿ ವಿಷವೇರಿದ ರೋಗಿ ಎದುರಿಗಿದ್ದು ಬೇರೆ ಸೀಸೆಯೇ ಇಲ್ಲದಿದ್ದರೆ, ಇತ್ತೀಚೆಗಷ್ಟೇ ಅವಧಿ ಮುಗಿದ ಪ್ರತಿವಿಷವನ್ನು ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಮಾರ್ಗಸೂಚಿ ವೈದ್ಯರಿಗೆ ಅವಕಾಶ ಕೊಟ್ಟಿದೆ. ದಿನಾಂಕವನ್ನು ಮೀರುವ ತೀರ್ಮಾನ ಎಂಥ ಹೊತ್ತಿನಲ್ಲಿ, ಯಾರ ಕೈಯಲ್ಲಿ ಇರಬೇಕು ಎಂಬುದಕ್ಕೆ ಇದು ಸರಿಯಾದ ಮಾದರಿ.

ಕುರಿಗಾಹಿಗಳ ಚೀಲದಲ್ಲಿರುವ ಜಂತಿನ ಔಷಧ, ಚುಚ್ಚುಮದ್ದುಗಳಿಗೂ ಇದೇ ರಸಾಯನಶಾಸ್ತ್ರ. ಹಿರಿಯೂರಿನ ಬಯಲಲ್ಲಿ ದಿನವಿಡೀ ಮಂದೆಯ ಹಿಂದೆ ಬಿಸಿಲಲ್ಲಿ ತಿರುಗಿದ ಸೀಸೆ ಹಿಂಡಿನ ರೋಗವನ್ನು ಅರ್ಧ ವಾಸಿಮಾಡಿ ಅರ್ಧ ಬಿಡಬಹುದು, ಆಮೇಲೆ ಆ ರೋಗ ಔಷಧಕ್ಕೆ ಬಗ್ಗದೆ ಹೋಗಬಹುದು. ಹಿರೇಬೇನೆಯ ಲಸಿಕೆಯನ್ನು ಕಲಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಬೆಳಿಗ್ಗೆ ಉಳಿದದ್ದನ್ನು ಸಂಜೆಯ ಹಟ್ಟಿಗೆ ಒಯ್ಯುವುದು ಶುದ್ಧ ನಷ್ಟ.

ಔಷಧಕ್ಕೆ ಆಯುಷ್ಯ ಕಟ್ಟುವ ಯೋಚನೆ ಈ ನೆಲಕ್ಕೆ ಹೊಸದಲ್ಲ. ಶಾರ್ಙ್ಗಧರ ಸಂಹಿತೆ ಚೂರ್ಣಕ್ಕೆ ಎರಡು ತಿಂಗಳು, ಗುಳಿಗೆ ಲೇಹ್ಯಗಳಿಗೆ ಒಂದು ವರ್ಷ ಎಂದು ಹೇಳಿ, ಆಸವಗಳು ಹಳೆಯದಾದಷ್ಟೂ ಗುಣ ಹೆಚ್ಚು ಎನ್ನುತ್ತದೆ. ಪುಡಿ ಬೇಗ ಕೆಡುತ್ತದೆ, ಹುದುಗಿದ್ದು ಉಳಿಯುತ್ತದೆ ಎಂಬ ಈ ವಿಂಗಡಣೆ ಅನುಭವದಿಂದ ಬಂದದ್ದು. ಈಗ ಆಯುರ್ವೇದ ಔಷಧಗಳ ಲೇಬಲ್ಲಿನ ಮೇಲೂ ಅವಧಿಯ ನಮೂದು ಕಡ್ಡಾಯ. 161-ಬಿ ನಿಯಮ ಹಲವು ಬಗೆಗಳಿಗೆ ವರ್ಷ ಗೊತ್ತುಮಾಡಿದೆ. ನಾಟಿ ಔಷಧಕ್ಕೆ ಅವಧಿಯೇ ಇಲ್ಲ ಎಂಬ ನಂಬಿಕೆಗೆ ಶಾಸ್ತ್ರದ ಬೆಂಬಲವೂ ಇಲ್ಲ, ಕಾನೂನಿನ ಬೆಂಬಲವೂ ಇಲ್ಲ.

ಅವಧಿಯೊಳಗಿದೆ ಎಂದ ಮಾತ್ರಕ್ಕೆ ಔಷಧ ಸರಿಯಾಗಿದೆ ಎಂದೂ ತಿಳಿಯಬಾರದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ತೀರಿಕೊಂಡಾಗ ಶಂಕೆ ಎದ್ದದ್ದು ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ. ಅವಧಿಯ ಮಾತು ಅಲ್ಲಿರಲಿಲ್ಲ. ತಯಾರಿಕೆಯ ತಪ್ಪನ್ನು ಯಾವ ದಿನಾಂಕವೂ ತೋರಿಸುವುದಿಲ್ಲ.

ಮನೆಯಲ್ಲಿ ದಿನಾಂಕ ಓದುವುದಕ್ಕೇ ಆಗದಂತೆ ಮಾಡುವುದು ಕತ್ತರಿ. ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ನಾಲ್ಕು ಸಾಕೆಂದಾಗ ಅಂಗಡಿಯವರು ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ಸಂಖ್ಯೆ, ಅವಧಿ ಅಚ್ಚಾಗಿರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ದುಡಿದು ತಿನ್ನುವವರು ಇಡೀ ಸ್ಟ್ರಿಪ್ ಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಬಿಲ್ಲು ಕೇಳಿ ಪಡೆಯುವುದು ನ್ಯಾಯ, ಏಕೆಂದರೆ ಅದರಲ್ಲಿ ಎರಡೂ ಇರುತ್ತವೆ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದ್ದು, ಮೊಬೈಲಿನಲ್ಲಿ ಅದನ್ನು ನೋಡಿದರೆ ಅವಧಿ ತಿಳಿಯುತ್ತದೆ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಿಡಬಾರದು. ಬಣ್ಣ ಬದಲಾದ, ಒಡೆದ, ಅಂಟಂಟಾದ ಮಾತ್ರೆ, ಗಷ್ಟು ಕಟ್ಟಿದ ಸಿರಪ್, ನೀರು ಬೇರೆ ಎಣ್ಣೆ ಬೇರೆಯಾದ ಮುಲಾಮು ಕೆಟ್ಟಿವೆ ಎಂದು ಕಣ್ಣೇ ಹೇಳುತ್ತದೆ. ಚೆನ್ನಾಗಿ ಕಾಣುವುದು ಚೆನ್ನಾಗಿದೆ ಎಂದು ಮಾತ್ರ ಕಣ್ಣು ಹೇಳಲಾರದು.

ಹಾಗಾದರೆ ನಡುರಾತ್ರಿ ಜ್ವರ ಬಂದು, ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯ ಅವಧಿ ಮುಗಿದು ಎರಡು ತಿಂಗಳಾಗಿದ್ದರೆ? ತಂಪಾದ ಒಣ ಜಾಗದಲ್ಲಿ, ಸ್ಟ್ರಿಪ್ ಒಡೆಯದೆ ಇದ್ದ ಅಂಥ ಮಾತ್ರೆಯಲ್ಲಿ ಬಹುತೇಕ ಕಸುವು ಉಳಿದಿರುತ್ತದೆ, ಅದರಿಂದ ಹಾನಿಯಾದ ದಾಖಲೆಯಿಲ್ಲ. ಬೆಳಗಾದ ಮೇಲೆ ಹೊಸದು ತಂದರಾಯಿತು. ಹೃದಯ, ಮೂರ್ಛೆ, ಸಕ್ಕರೆ ಕಾಯಿಲೆ, ಥೈರಾಯಿಡ್, ಸೋಂಕು ಇವುಗಳ ಔಷಧಕ್ಕೂ ಚುಚ್ಚುಮದ್ದು, ಕಣ್ಣಿನ ಡ್ರಾಪ್ಸ್, ಮಕ್ಕಳ ಸಿರಪ್ಪುಗಳಿಗೂ ಈ ರಿಯಾಯಿತಿ ಇಲ್ಲ. ಇನ್ನು ಆಂಟಿಬಯಾಟಿಕ್ ಮನೆಯಲ್ಲಿ ಮಿಕ್ಕಿದೆ ಎಂದರೆ ಹಿಂದಿನ ಸಲ ಪೂರ್ತಿ ನುಂಗಿಲ್ಲ ಎಂದರ್ಥ. ಅವಧಿಯೊಳಗಿದ್ದರೂ ಅದನ್ನು ಇನ್ನೊಬ್ಬರಿಗೆ ಕೊಡಬಾರದು.

ಬೇಡವಾದ ಔಷಧವನ್ನು ಎಲ್ಲಿ ಹಾಕುವುದು ಎಂಬುದು ಉಳಿದ ಪ್ರಶ್ನೆ. ಆಸ್ಪತ್ರೆಗಳ ಅವಧಿ ಮೀರಿದ ಔಷಧ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲಕ್ಕೆ ಸೇರಿ ಸುಡುವ ಘಟಕಕ್ಕೆ ಹೋಗುತ್ತದೆ. ಮನೆಯದು ಕಸದ ಗಾಡಿಗೆ, ಚರಂಡಿಗೆ, ಕೊನೆಗೆ ಕೆರೆಗೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿ, ಫೆಂಟನಿಲ್, ಟ್ರಮಡಾಲ್ ಮುಂತಾದ 17 ಅಪಾಯಕಾರಿ ಔಷಧಗಳನ್ನು ಮಾತ್ರ ಶೌಚದ ಗುಂಡಿಗೆ ಹಾಕಿ ನೀರು ಬಿಡಲು ಹೇಳಿ, ಉಳಿದವನ್ನು ವಾಪಸ್ ಸಂಗ್ರಹಿಸುವ ವ್ಯವಸ್ಥೆಯ ಕಡೆ ಬೆರಳು ಮಾಡಿದೆ. ಕೇರಳದ ಔಷಧ ನಿಯಂತ್ರಣ ಇಲಾಖೆ ಅದೇ ವರ್ಷ ಕೋಝಿಕ್ಕೋಡಿನಲ್ಲಿ ಎನ್-ಪ್ರೌಡ್ ಎಂಬ ಹೆಸರಿನಲ್ಲಿ ಮನೆಗಳ ಹಳೆಯ ಔಷಧ ಸಂಗ್ರಹವನ್ನು ಶುರುಮಾಡಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಔಷಧ ವ್ಯಾಪಾರಿಗಳೂ ಸ್ಥಳೀಯ ಸಂಸ್ಥೆಗಳೂ ಕೂಡಿ ಪಟ್ಟಣಕ್ಕೆ ಒಂದೆರಡು ಮೆಡಿಕಲ್ ಶಾಪುಗಳಲ್ಲಾದರೂ ಬೀಗದ ಡಬ್ಬವಿಟ್ಟು, ತಿಂಗಳಿಗೊಮ್ಮೆ ಅದನ್ನು ಆಸ್ಪತ್ರೆಯ ತ್ಯಾಜ್ಯದ ಜೊತೆ ಸುಡುವ ಘಟಕಕ್ಕೆ ಕಳಿಸುವ ಏರ್ಪಾಡು ಮಾಡಬೇಕು.